ನೀರಿಲ್ಲದ ಲ್ಯಾಬಿನ 0.98

ರಾಯಚೂರಿನ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯಬೇಕಾದೀತು, ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ರೆಕಾರ್ಡಿನಲ್ಲಿ ಮಾತ್ರ ನೀರು ಎಂದೂ ನಿಂತಿದ್ದಿಲ್ಲ. ಸಂಪ್ ಒಣಗಿರಲಿ, ಫುಟ್‌ವಾಲ್ವ್ ಸೋರಿ ಪಂಪ್ ನೀರೆತ್ತದಿರಲಿ, ವೆಂಚುರಿಮೀಟರಿನ, ಅಂದರೆ ಹರಿವು ಅಳೆಯುವ ಕಿರಿಗಂಟಲಿನ ಪೈಪಿನ, ಸಿಡಿ (Cd: ನಿಜ ಹರಿವನ್ನು ಸೂತ್ರದ ಹರಿವಿನಿಂದ ಭಾಗಿಸಿದ್ದು) 0.98. ಬಿಸಿಲಿಗೂ ಬರಕ್ಕೂ ಜಗ್ಗದ ಅಂಕಿ ಈ ಸೀಮೆಯಲ್ಲಿ ಇದೊಂದೇ.

ನೀರಿದ್ದವರು ಮಾಡುವ ಕ್ರಮವನ್ನೂ ಹೇಳಿಬಿಡೋಣ, ಮರೆತೇಹೋದೀತು. ಪೈಪು ತುಂಬಿದ ಮೇಲೆ, ಒತ್ತಡದ ವ್ಯತ್ಯಾಸ ತೋರಿಸುವ ಪಾದರಸದ ಮ್ಯಾನೋಮೀಟರಿನ ಎರಡೂ ಕಾಕ್‌ಗಳನ್ನು ಒಟ್ಟಿಗೆ, ಮೆಲ್ಲಗೆ ತೆರೆದು ಟ್ಯೂಬಿನ ಗಾಳಿಗುಳ್ಳೆ ಹೊರಬಿಡಬೇಕು. ಗುಳ್ಳೆ ಉಳಿದರೆ ರೀಡಿಂಗ್ ಸುಳ್ಳು. ಗಡಬಡಿಸಿ ಒಂದೇ ಕಾಕ್ ತಿರುಗಿಸಿದರೆ ಒತ್ತಡವೆಲ್ಲ ಒಂದೇ ಕಡೆ ಬಿದ್ದು ಪಾದರಸ ಹಾರಿ ಪೈಪು ಸೇರುತ್ತದೆ, ಅಲ್ಲಿಂದ ಸಂಪು. ಆಮೇಲೆ ಆ ವಿಷವನ್ನು ಬಳಿದು ತೆಗೆಯುವ ಪ್ರಯೋಗ ಸಿಲೆಬಸ್ಸಿನಲ್ಲಿಲ್ಲ.

ನೀರಿಲ್ಲದವರಿಗೆ ಈ ತಾಪತ್ರಯವಿಲ್ಲ. ಅವರು ಉತ್ತರದಿಂದ ಹಿಂದಕ್ಕೆ ಬರುತ್ತಾರೆ. ಪೈಪು 25 ಮಿ.ಮೀ., ಗಂಟಲು 12.5 ಮಿ.ಮೀ. ಪಾದರಸದ ವ್ಯತ್ಯಾಸ 10 ಸೆಂ.ಮೀ. ಅಂತ ಬರೆದುಕೊಳ್ಳಿ. 12.6ರಿಂದ ಗುಣಿಸಿದರೆ 1.26 ಮೀಟರ್ ನೀರು, ಬರ್ನೂಲಿ ಸಮೀಕರಣದಿಂದ ಬಂದ ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ 0.63 ಲೀಟರ್. ಸಿಡಿ 0.98 ಬರಬೇಕಲ್ಲ, ಹಾಗಾದರೆ ನಿಜ ಹರಿವು 0.617. 30 ಸೆಂ.ಮೀ. ಚೌಕದ ಟ್ಯಾಂಕಿನಲ್ಲಿ ನೀರು 10 ಸೆಂ.ಮೀ. ಏರಲು, ಅಂದರೆ 9 ಲೀಟರ್ ತುಂಬಲು, 14.6 ಸೆಕೆಂಡ್. ಸ್ಟಾಪ್‌ವಾಚಿನ ಸೆಲ್ ಉಳಿಯಿತು. ಜಾಣರು 14.5, 14.7 ಎಂದು ಕೊಂಚ ಅಲುಗಾಡಿಸುತ್ತಾರೆ. 14.2ಕ್ಕೆ ಮಾತ್ರ ಇಳಿಸಬೇಡಿ. ಸಿಡಿ 1 ದಾಟಿ, ನಿಮ್ಮ ನೀರು ಬರ್ನೂಲಿಯನ್ನೇ ಹಿಂದೆ ಹಾಕಿಬಿಡುತ್ತದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸ್ವಿಚ್ಚಿನ ಕಡೆ ನೋಡಿದರೆ ಅಟೆಂಡರ್ ಕಿವಿಯಲ್ಲಿ ಹೇಳುತ್ತಾನೆ: "ಸಂಪ್‌ನ್ಯಾಗ ನೀರಿಲ್ರೀ ಸರ." ಕೂಡಲೇ ವೈವಾ ಶುರು. ಬರ್ನೂಲಿ ಸಮೀಕರಣದ ಷರತ್ತುಗಳೇನು? ಹರಿವು ಸ್ಥಿರ, ಸ್ನಿಗ್ಧತೆ ಇಲ್ಲ, ಸಾಂದ್ರತೆ ಬದಲಾಗದು. ಹರಿವು ಇರಬೇಕು ಎಂಬ ಷರತ್ತನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಫುಲ್ ಮಾರ್ಕ್ಸ್.

ಈ ವಿದ್ಯೆ ವ್ಯರ್ಥವಾಗದು. ಮುಂದೆ ಕಾಲುವೆಯ ಲೆಕ್ಕ ಹಾಕುವಾಗ ಮ್ಯಾನಿಂಗ್ ಸೂತ್ರದ 'ಎನ್', ಅಂದರೆ ಕಾಲುವೆಯ ಒರಟುತನದ ಅಂಕಿ, 0.015 ಎಂದು ಹಿಡಿದರಾಯಿತು. ಕಳೆ ಬೆಳೆದು, ಲೈನಿಂಗ್ ಕಿತ್ತು ಅದು 0.030 ಆದರೆ ಅಷ್ಟೇ ಆಳದಲ್ಲಿ ಹರಿವು ಅರ್ಧಕ್ಕಿಳಿಯುತ್ತದೆ. ಇಳಿಯಲಿ, ಕಾಗದದ ಮೇಲೆ ಕಳೆ ಬೆಳೆಯುವುದಿಲ್ಲವಲ್ಲ. ತುಂಗಭದ್ರಾ ಎಡದಂಡೆಯ ಕೊನೆಭಾಗದ ರೈತ ಬಂದು "ನೀರು ಮುಟ್ಟಿಲ್ರೀ" ಅಂದರೆ, ಅವನು ರೀಡಿಂಗ್ ಸರಿಯಾಗಿ ತೆಗೆದುಕೊಂಡಿಲ್ಲ.