ಕುಕ್ಕರಿನಲ್ಲಿ ಕೂಗುವ ವಿಯೆಟ್ನಾಂ

ಅಡುಗೆ ವಿಡಿಯೋಗಳಲ್ಲಿ ಈಗ ವಿಯೆಟ್ನಾಂ ಪೌರತ್ವ ಬಲು ಸಲೀಸು. ಬೊಂಡಾಸನ್ನು, ಅಂದರೆ ನಿಮ್ಮ ಸ್ಕ್ವಿಡ್ಡನ್ನು, ಶುಂಠಿ ಬೆಳ್ಳುಳ್ಳಿ ಪೇಸ್ಟಿನಲ್ಲಿ ಹುರಿಯಿರಿ, ಗರಂ ಮಸಾಲೆ ಉದುರಿಸಿ, ಸೋಯಾ ಸಾಸ್ ಸುರಿಯಿರಿ, ಕುಕ್ಕರಿನಲ್ಲಿ ಮೂರು ವಿಶಲ್ ಕೂಗಿಸಿ, ಮೇಲೆ ಎರಡು ಪುದೀನ ಎಲೆ ಇಡಿ. ‘ಥೇಟ್ ವಿಯೆಟ್ನಾಂ ಶೈಲಿ’ ಸಿದ್ಧ. ಕಾಗದಪತ್ರ ಕೇಳುವವರಿಲ್ಲ.

ಬೊಂಡಾಸಿಗೆ ಗೊತ್ತಿರುವುದು ಎರಡೇ ಲೆಕ್ಕ. ಎರಡು ನಿಮಿಷದೊಳಗೆ ಒಲೆಯಿಂದ ಇಳಿಸಬೇಕು, ಇಲ್ಲವೇ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ನಡುವಿನ ಹೊತ್ತಿನಲ್ಲಿ ಸ್ನಾಯು ಬಿಗಿದು ನೀರು ಬಿಟ್ಟಿರುತ್ತದೆ, ಅದನ್ನು ಹಿಡಿದಿಟ್ಟ ಕೊಲಾಜನ್ ಎಂಬ ಗಟ್ಟಿ ನಾರು ಇನ್ನೂ ಕರಗಿರುವುದಿಲ್ಲ. ತಟ್ಟೆಗೆ ಬರುವುದು ಹವಾಯಿ ಚಪ್ಪಲಿಯ ಪಟ್ಟಿ. ನಮ್ಮ ರೆಸಿಪಿಗಳು ಹತ್ತು ಹದಿನೈದು ನಿಮಿಷದ ಆ ನಡುವನ್ನೇ ಗುರಿಯಿಟ್ಟು ಹೊಡೆಯುತ್ತವೆ. ಆಮೇಲೆ ‘ಮಾಲು ಫ್ರೆಶ್ ಇರಲಿಲ್ಲ’ ಎಂದು ಮೀನು ಮಾರುವವರ ತಲೆಯ ಮೇಲೆ ಗೂಬೆ.

ಅನಾನಸ್ ಹಾಕಿ ಹುರಿಯುವ ‘ಮುಕ್ ಸಾವ್’ ವಿಯೆಟ್ನಾಮಿನ ಮನೆಯಡುಗೆ. ಅರ್ಧ ಕಿಲೋ ಬೊಂಡಾಸಿನ ತಲೆ ಹಿಡಿದೆಳೆದರೆ ಕರುಳು, ಶಾಯಿಚೀಲ ಜತೆಗೇ ಬರುತ್ತವೆ. ಒಳಗಿನ ಪ್ಲಾಸ್ಟಿಕ್ಕಿನಂಥ ಕಡ್ಡಿ, ಕಾಲುಗಳ ನಡುವಿನ ಕೊಕ್ಕು ತೆಗೆದು ಸಿಪ್ಪೆ ಸುಲಿಯಿರಿ. ಕೊಳವೆಯನ್ನು ಸೀಳಿ ಹರಡಿ, ಒಳಮೈಗೆ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಓರೆಯಾಗಿ, ಅಡ್ಡಡ್ಡ, ಅರ್ಧ ದಪ್ಪಕ್ಕಷ್ಟೇ ಗೀರಿ ತುಂಡು ಮಾಡಬೇಕು. ಹೊರಮೈಗೆ ಗೀರುವ ಕಲಾವಿದರೂ ಇದ್ದಾರೆ. ಬಿಸಿಗೆ ತುಂಡು ಸುರುಳಿಯಾದಾಗ ಅವರ ಕಲೆಯೆಲ್ಲ ಒಳಗಡೆ!

ಶುಂಠಿ ಹಾಕಿದ ಕುದಿನೀರಿನಲ್ಲಿ 20 ಸೆಕೆಂಡ್ ಅದ್ದಿ ತೆಗೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆ ತುಂಡು ಬಾಣಲೆಯನ್ನು ತಣ್ಣಗಾಗಿಸುತ್ತದೆ, ಹುರಿಯಬೇಕಾದದ್ದು ಸಾರಾಗುತ್ತದೆ. ಕಾದ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಒಂದು ಈರುಳ್ಳಿ, 150 ಗ್ರಾಂ ಅನಾನಸ್, ಎರಡು ಟೊಮೆಟೊ. ಅವು ಬಾಡಿ ನೀರು ಆರಿದ ಮೇಲಷ್ಟೇ ಬೊಂಡಾಸ್, ಒಂದು ದೊಡ್ಡ ಚಮಚ ಫಿಶ್ ಸಾಸ್, ಒಂದು ಚಿಕ್ಕ ಚಮಚ ಸಕ್ಕರೆ. ಜೋರು ಉರಿಯಲ್ಲಿ ಒಂದು ನಿಮಿಷ ಬಾಡಿಸಿ ಇಳಿಸಿ, ಕಾಳುಮೆಣಸಿನ ಪುಡಿ ಹಾಕಿ. ಮನೆಯ ಒಲೆಯ ಉರಿ ಸಾಲದು ಎನಿಸಿದರೆ ಬೊಂಡಾಸನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ಹುರಿಯಿರಿ.

ಫಿಶ್ ಸಾಸ್ ಬಂತೆಂದರೆ ನಮ್ಮ ಸಂಸ್ಕೃತಿ ಮೂಗು ಮುಚ್ಚಿಕೊಳ್ಳುತ್ತದೆ. ವಿಯೆಟ್ನಾಮಿನ ಫು ಕ್ವಾಕ್ ದ್ವೀಪದಲ್ಲಿ ಆಂಚೋವಿ ಎಂಬ ಪುಟ್ಟ ಮೀನಿಗೆ ಉಪ್ಪು ಬೆರೆಸಿ ಸುಮಾರು ಒಂದು ವರ್ಷ ಕಾಲ ಮರದ ಪೀಪಾಯಿಯಲ್ಲಿ ಕೊಳೆಹಾಕುತ್ತಾರೆ; ಇಳಿಯುವ ಉಪ್ಪುಪ್ಪು ರಸವೇ ಫಿಶ್ ಸಾಸ್. ಬೇರೆ ಊರಿನ ಸಾಸಿಗೆ ‘ಫು ಕ್ವಾಕ್’ ಹೆಸರು ಅಂಟಿಸದಂತೆ ಐರೋಪ್ಯ ಒಕ್ಕೂಟ 2012ರಲ್ಲಿ ಭೌಗೋಳಿಕ ರಕ್ಷಣೆಯನ್ನೇ ಕೊಟ್ಟಿದೆ. ‘ವಾಸನೆ ಬೇಡಪ್ಪ, ಸೋಯಾ ಹಾಕಿ’ ಎನ್ನುವವರೇ ಮಳೆಗಾಲದಲ್ಲಿ ಒಣಮೀನಿನ ಚಟ್ನಿಗೆ ಎರಡನೇ ಸಲ ಗಂಜಿ ಬಡಿಸಿಕೊಳ್ಳುತ್ತಾರೆ.

ಇನ್ನು, ಫಿಶ್ ಸಾಸ್ ಹಾಕಿಸಿದ ಅಪರೂಪದ ರೆಸಿಪಿಯಲ್ಲೂ ಕೊನೆಗೊಂದು ಸಾಲು ತಪ್ಪುವುದಿಲ್ಲ: ‘ಉಪ್ಪು, ರುಚಿಗೆ ತಕ್ಕಷ್ಟು’. ಹಾಗಿದ್ದರೆ ಬೇಕಾಗುವ ಸಾಮಗ್ರಿಗಳ ಪಟ್ಟಿಯಲ್ಲಿ ಒಂದು ಚೊಂಬು ಕುಡಿಯುವ ನೀರನ್ನೂ ಸೇರಿಸಿಬಿಡಲಿ.