ಬಳ್ಳಾರಿಯಲ್ಲಿ ಯಾರೂ ಸೀನಲಿಲ್ಲ

ಡಲ್ಲಾಸ್ ಪಕ್ಕದ ನಮ್ಮ ಮನೆಯಲ್ಲಿ ಮಹಡಿಯ ಕೊನೇ ಕೋಣೆಗೆ ಬಳ್ಳಾರಿ ಎಂದು ಹೆಸರು. ಕೆಳಗಿರುವ ನಮ್ಮ ಯಜಮಾನರ ಆಫೀಸ್ ಕೋಣೆ ಮಡಿಕೇರಿ. ಎರಡಕ್ಕೂ ಏಸಿ ಒಂದೇ, ಥರ್ಮೋಸ್ಟಾಟ್ ಒಂದೇ, ಕರೆಂಟ್ ಬಿಲ್ಲೂ ಒಂದೇ. ಆದರೂ ಒಂದರಲ್ಲಿ ಸ್ವೆಟರ್ ಹಾಕಿಕೊಂಡು ಮೀಟಿಂಗ್, ಇನ್ನೊಂದರಲ್ಲಿ ಬನಿಯನ್ನೂ ಭಾರ. ಹೆಸರಿಟ್ಟ ಮೇಲೆ ಅದು ತೊಂದರೆ ಅನ್ನಿಸುವುದೇ ನಿಂತುಹೋಯಿತು. ಮಗನಂತೂ ‘ಬಳ್ಳಾರಿಗೆ ಹೋಗ್ಬರ್ತೀನಿ’ ಎಂದು ನೀರಿನ ಬಾಟಲಿ ಹಿಡಿದು ಮಹಡಿ ಹತ್ತುತ್ತಿದ್ದ.

ಊರಿನಲ್ಲಿ ಏಸಿ ಅಂದರೆ ಗೋಡೆ ಮೇಲಿನ ಬಿಳಿ ಡಬ್ಬ. ಕೆಟ್ಟರೆ ಅದನ್ನೇ ದಿಟ್ಟಿಸಿ ಬೈಯಬಹುದು. ಇಲ್ಲಿ ಬೈಯೋಣವೆಂದರೆ ಏನೂ ಕಾಣುವುದಿಲ್ಲ. ಹಾಲಿನ ಗೋಡೆಯಲ್ಲಿರುವ ದೊಡ್ಡ ಜಾಲರಿ ಇಡೀ ಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಟ್ಟದಲ್ಲಿರುವ ಮೆಷಿನ್ ಅದನ್ನು ತಣ್ಣಗೆ ಮಾಡಿ, ದಪ್ಪ ಕೊಳವೆಗಳಲ್ಲಿ ಪ್ರತಿ ಕೋಣೆಯ ಸೀಲಿಂಗಿಗೆ ತಳ್ಳುತ್ತದೆ. ಆ ಕೊಳವೆಗಳೇ ಡಕ್ಟ್. ನಮ್ಮ ಮನೆಯಲ್ಲಿರುವುದು ಬಗ್ಗುವ ಜಾತಿಯವು: ತಂತಿ ಸುರುಳಿಯ ಮೇಲೆ ತೆಳು ಪ್ಲಾಸ್ಟಿಕ್, ಅದಕ್ಕೆ ಫೈಬರ್‌ಗ್ಲಾಸ್ ಹೊದಿಕೆ, ಅದರ ಮೇಲೊಂದು ಬೆಳ್ಳಿ ಬಣ್ಣದ ಹಾಳೆ.

ಇಲ್ಲಿನವರ ಜಾಣತನ ನೋಡಿ. ತಣ್ಣನೆ ಗಾಳಿ ಹೋಗುವ ಈ ಕೊಳವೆಗಳನ್ನು ಮನೆಯಲ್ಲೇ ಅತಿ ಬಿಸಿಯಾದ ಜಾಗದಲ್ಲಿ ಮಲಗಿಸಿರುತ್ತಾರೆ. 2011ರ ಬೇಸಿಗೆಯಲ್ಲಿ ಡಲ್ಲಾಸ್–ಫೋರ್ಟ್ ವರ್ತ್‌ನಲ್ಲಿ 71 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಅಂದರೆ ನಮ್ಮ ಲೆಕ್ಕದ 38. ಅದು ಹೊರಗಿನ ಕಥೆ. ಅಂಥ ಮಧ್ಯಾಹ್ನ ಅಟ್ಟದೊಳಗೆ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಇಲ್ಲಿ ಮಾಮೂಲು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಇದನ್ನು ಕೇಳಿ ಕೂಡಲೇ, ‘ಹಾಗಾದ್ರೆ ಸಂಡಿಗೆ ಅಲ್ಲೇ ಒಣಗಿಸಬಹುದಲ್ಲಮ್ಮಾ?’ ಎಂದರು.

ಬಳ್ಳಾರಿಯ ಸೆಕೆಗೆ ಮನೆಯಲ್ಲಿ ತಲೆಗೊಂದು ಕಾರಣ ಇತ್ತು. ಯಜಮಾನರು ಇಂಜಿನಿಯರು, ಅವರದು ಪಶ್ಚಿಮದ ಬಿಸಿಲಿನ ಸಿದ್ಧಾಂತ. ಕಿಟಕಿಗೆ ಕಪ್ಪು ಹಾಳೆ ಅಂಟಿಸಿದರು. ಕೋಣೆ ಕತ್ತಲಾಯಿತು, ಸೆಕೆ ಹಾಗೇ ಉಳಿಯಿತು. ಪರಿಚಯದ ಒಬ್ಬರು ವಾಸ್ತು ನೋಡಿ, ಆ ಮೂಲೆ ಆಗ್ನೇಯಕ್ಕೆ ತಾಗುತ್ತದೆ, ಅಗ್ನಿಯ ಜಾಗ, ಬಿಸಿ ಇರಲೇಬೇಕು ಅಂದರು. ಪಶ್ಚಿಮದ ಬಿಸಿಲು ಆಗ್ನೇಯದ ಅಗ್ನಿ ಎರಡೂ ಒಂದೇ ಕೋಣೆಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಅತ್ತೆಯೊಬ್ಬರೇ ತಕರಾರಿಲ್ಲದೆ ಆ ಕೋಣೆಯಲ್ಲಿ ಮಲಗುತ್ತಿದ್ದರು. ಮಿಕ್ಕ ಮನೆಯೆಲ್ಲ ಅವರಿಗೆ ಚಳಿ.

ಧೂಳಿನ ವಿಷಯವೂ ಇತ್ತು. ಬೆಳಿಗ್ಗೆ ಟಿವಿ ಒರೆಸಿದರೆ ಸಂಜೆಗೆ ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಹಾಗಾಗಿ ‘ಇಡೀ ಮನೆಯ ಡಕ್ಟ್ ಕ್ಲೀನಿಂಗ್ 99 ಡಾಲರ್’ ಎಂಬ ಕೂಪನ್ ಅಂಚೆಯಲ್ಲಿ ಬಂದಾಗ ಯಜಮಾನರಿಗೆ ದೇವರೇ ಕಳಿಸಿದ ಹಾಗಾಯಿತು. ಬಂದವನು ದೊಡ್ಡ ವ್ಯಾಕ್ಯೂಮ್ ಇಳಿಸಿದ. ಹತ್ತು ನಿಮಿಷ ಗುಡುಗಿಸಿದ. ಆಮೇಲೆ ಮುಖ ಗಂಭೀರ ಮಾಡಿಕೊಂಡು ಫೋನ್‌ನಲ್ಲಿ ಫೋಟೋ ತೋರಿಸಿದ. ಕೊಳವೆಯ ಬಾಯಿ ತುಂಬ ಕರೀ ಬೂಷ್ಟು. ಅದನ್ನು ತೆಗೆಯಲು ಕೂಪನ್ ಸಾಲದು, ಔಷಧಿ ಹೊಡೆಯಬೇಕು, ಅದರ ರೇಟೇ ಬೇರೆ. ಯಜಮಾನರು ಆಗಲೇ ಪರ್ಸಿಗೆ ಕೈ ಹಾಕಿದ್ದರು. ಅತ್ತೆ ಕನ್ನಡಕ ಏರಿಸಿ ಫೋಟೋ ನೋಡಿ, ಒಮ್ಮೆ ಸೀಲಿಂಗ್ ನೋಡಿ, ‘ಏನೋ ಇದು, ನಮ್ಮನೆ ಜಾಲರಿ ಚೌಕ, ಇದು ದುಂಡಗಿದೆ’ ಎಂದರು. ಕನ್ನಡ ಬಾರದಿದ್ದರೂ ಅವನಿಗೆ ಅರ್ಥವಾಯಿತು. 99 ಡಾಲರ್ ಇಸಿದುಕೊಂಡು ಹೊರಟ.

ಆಮೇಲೆ ಓದಿ ನೋಡಿದೆ. ಡಕ್ಟ್ ಕ್ಲೀನಿಂಗ್‌ನಿಂದ ಕಾಯಿಲೆ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಕಣ್ಣಿಗೆ ಕಾಣುವಷ್ಟು ಬೂಷ್ಟು ಇದ್ದರೆ, ಇಲಿ ಹುಳ ಸೇರಿದ್ದರೆ, ಧೂಳು ಕಟ್ಟಿಕೊಂಡು ಗಾಳಿಯ ದಾರಿಯೇ ಮುಚ್ಚಿದ್ದರೆ ಮಾಡಿಸಿ, ಇಲ್ಲದಿದ್ದರೆ ಸುಮ್ನೆ ಯಾಕೆ ಅನ್ನುವುದು ಅದರ ಧಾಟಿ. ಆದರೆ ಕ್ಲೀನಿಂಗ್‌ಗೆ ಕೂಪನ್ ಬರುತ್ತದೆ. ಬಿಚ್ಚಿಹೋದ ಕೊಳವೆಗೆ ಯಾರೂ ಕೂಪನ್ ಕಳಿಸುವುದಿಲ್ಲ.

ಕೊಳವೆ ಬಿಚ್ಚಿದೆ ಎಂಬುದು ಗೊತ್ತಾಗಿದ್ದು ಒಗ್ಗರಣೆಯಿಂದ.

ಒಂದು ಭಾನುವಾರ ಪುಳಿಯೋಗರೆ ಗೊಜ್ಜಿಗೆಂದು ಬ್ಯಾಡಗಿ, ಗುಂಟೂರು ಎರಡೂ ಮೆಣಸಿನಕಾಯಿ ಹುರಿಯುತ್ತಿದ್ದೆ. ಒಲೆಯ ಮೇಲಿನ ಫ್ಯಾನ್ ಹಾಕಿದ್ದೆ. ಆದರೆ ನಮ್ಮದು ಹೊಗೆಯನ್ನು ಹೊರಗೆ ಬಿಡದೆ ಅಡುಗೆಮನೆಗೇ ವಾಪಸ್ ಕೊಡುವ ಪ್ರಾಮಾಣಿಕ ಫ್ಯಾನ್. ಘಾಟು ಹಾಲಿಗೆ ಹೋಯಿತು, ಅಲ್ಲಿಂದ ದೊಡ್ಡ ಜಾಲರಿಗೆ, ಅಲ್ಲಿಂದ ಕೋಣೆ ಕೋಣೆಗೆ. ಮಡಿಕೇರಿಯಲ್ಲಿ ಯಜಮಾನರು ಮೀಟಿಂಗ್ ಮಧ್ಯದಲ್ಲೇ ಸೀನಿದರು. ನಮ್ಮ ಕೋಣೆಯಲ್ಲಿ ಮಲಗಿದ್ದ ಮಗಳು ಸೀನಿದಳು. ಬಚ್ಚಲಿನಿಂದ ಮಗ ಸೀನಿದ. ಬಳ್ಳಾರಿಯಿಂದ ಮಾತ್ರ ಸದ್ದಿಲ್ಲ. ಗಾಬರಿಯಾಗಿ ಓಡಿ ಹೋಗಿ ಬಾಗಿಲು ತೆರೆದರೆ, ಅತ್ತೆ ಆರಾಮಾಗಿ ಕೂತು ಹೂಬತ್ತಿ ಹೊಸೆಯುತ್ತಿದ್ದಾರೆ.

‘ನಿಮಗೆ ಘಾಟು ಬರ್ಲಿಲ್ವಾ ಅತ್ತೆ?’

‘ಎಂಥ ಘಾಟು? ಹುರಿಯೋಕೆ ಇಟ್ಯಾ?’

ಅಷ್ಟು ಸಾಕಾಯಿತು. ಘಾಟು ಬರುವುದಿಲ್ಲ ಅಂದರೆ ಗಾಳಿಯೂ ಬರುವುದಿಲ್ಲ. ಅತ್ತೆಯ ಊದುಬತ್ತಿಯನ್ನೇ ಹಚ್ಚಿ ಎಲ್ಲ ಜಾಲರಿಗಳ ಕೆಳಗೂ ಹಿಡಿದೆವು. ಬೇರೆ ಕಡೆ ಹೊಗೆ ದಿಕ್ಕಾಪಾಲು. ಬಳ್ಳಾರಿಯಲ್ಲಿ ಅದು ದೇವರ ಮುಂದೆ ಹೋಗುವಂತೆ ನೆಟ್ಟಗೆ ಮೇಲಕ್ಕೆ ಹೋಯಿತು.

ಮಾರನೇ ವಾರ ಬಂದ ಮೆಕ್ಯಾನಿಕ್ ಹುಡುಗ ಬೆಳಗಿನ ಜಾವವೇ ಅಟ್ಟ ಹತ್ತಿದ. ಇಳಿದು ಬಂದಾಗ ಬೆವರಿನ ಜೊತೆ ನಗು. ಫೋಟೋ ತೋರಿಸಿದ, ಈ ಸಲ ನಮ್ಮ ಮನೆಯದ್ದೇ. ಬಳ್ಳಾರಿಯ ಕೊಳವೆ, ಅದನ್ನು ಸಿಕ್ಕಿಸುವ ಕಾಲರ್ ಎಂಬ ತಗಡಿನ ಬಳೆಯಿಂದ ಪೂರ್ತಿ ಕಳಚಿ ಬಿದ್ದಿದೆ. ಬಿದ್ದ ಜಾಗದಲ್ಲಿ ನಮ್ಮ ದಸರಾ ಗೊಂಬೆಗಳ ಪೆಟ್ಟಿಗೆ. ಅಂದರೆ ಪಟ್ಟದ ರಾಜ ರಾಣಿ ಟೆಕ್ಸಸ್ ಬೇಸಿಗೆಯಲ್ಲಿ ಹವಾನಿಯಂತ್ರಿತ ಅರಮನೆಯಲ್ಲಿದ್ದರು. ಬಿಲ್ ನಾವು ಕಟ್ಟುತ್ತಿದ್ದೆವು. ಪ್ರತಿ ನವರಾತ್ರಿಗೆ ಆ ಪೆಟ್ಟಿಗೆಯನ್ನು ದರದರ ಎಳೆದು ಇಳಿಸಿ, ಮತ್ತೆ ಹತ್ತಿಸುವವರು ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಏನೂ ಹೇಳಲಿಲ್ಲ. ಕೆಮ್ಮಿದೆ, ಅಷ್ಟೇ.

ಧೂಳಿನ ಗುಟ್ಟೂ ಅಲ್ಲೇ ಇತ್ತು. ಮನೆಯ ಗಾಳಿ ಅಟ್ಟಕ್ಕೆ ಸೋರಿದಷ್ಟೂ, ಅದರ ಬದಲಿಗೆ ಹೊರಗಿನ ಗಾಳಿ ಸಂದಿಗೊಂದಿಗಳಿಂದ ಒಳಗೆ ನುಗ್ಗುತ್ತದೆ, ಧೂಳು, ಬಿಸಿ ಎಲ್ಲ ಹೊತ್ತುಕೊಂಡು. ನಮ್ಮಲ್ಲಿ ಪೂರ್ತಿ ಕಳಚಿತ್ತು. ಏನೂ ಕಳಚದ ಮನೆಗಳ ಕಥೆಯೂ ಅಷ್ಟೇನೂ ಚೆನ್ನಾಗಿಲ್ಲ. ಸಾಮಾನ್ಯ ಮನೆಯ ಡಕ್ಟ್‌ನಲ್ಲಿ ಹರಿಯುವ ಗಾಳಿಯಲ್ಲಿ ಶೇಕಡ 20ರಿಂದ 30ರಷ್ಟು ಸೋರಿ ಹೋಗುತ್ತದೆ ಎಂಬುದು ಅಮೆರಿಕ ಸರ್ಕಾರದ ಇಂಧನ ಉಳಿತಾಯ ಯೋಜನೆಯಾದ ಎನರ್ಜಿ ಸ್ಟಾರ್‌ನವರ ಲೆಕ್ಕ.

ಕಳಚಿದ ಬಾಯಿಗೆ ಹಿಂದೆ ಯಾರೋ ಬೂದು ಬಣ್ಣದ ಬಟ್ಟೆ ಟೇಪ್ ಸುತ್ತಿದ್ದರು. ಅದು ಒಣಗಿ ಸಿಪ್ಪೆಯಾಗಿ ಉದುರಿತ್ತು. ‘ಆ ಟೇಪಿಗೇನಾಗಿದೆ? 1970ರಲ್ಲಿ ಚಂದ್ರನ ಕಡೆ ಹೊರಟಿದ್ದ ಅಪೊಲೊ 13ರವರ ಜೀವ ಉಳಿಸಿದ್ದು ಅದೇ’ ಎಂದು ಯಜಮಾನರು ಅದರ ಪರ ವಕಾಲತ್ತು ವಹಿಸಿದರು. ನಿಜವೇ. ಆದರೆ ಅದು ಅಲ್ಲಿ ಕೆಲವು ದಿನ ತಡೆದರೆ ಸಾಕಿತ್ತು. ಬರ್ಕ್ಲಿಯ ರಾಷ್ಟ್ರೀಯ ಪ್ರಯೋಗಾಲಯದವರು 1998ರಲ್ಲೇ ಬಿಸಿ ಗಾಳಿ ತಣ್ಣನೆ ಗಾಳಿ ಹಾಯಿಸಿ ಪರೀಕ್ಷಿಸಿದಾಗ, ಡಕ್ಟ್ ಕೀಲುಗಳಲ್ಲಿ ಮೊದಲು ಕೈಕೊಟ್ಟಿದ್ದು ಈ ಟೇಪೇ. ಹುಡುಗ ಕೊಳವೆಯನ್ನು ಮತ್ತೆ ಕಾಲರಿಗೆ ಏರಿಸಿ, ಪಟ್ಟಿ ಬಿಗಿದು, ಮ್ಯಾಸ್ಟಿಕ್ ಎಂಬ ಗಟ್ಟಿ ಅಂಟು ಮೆತ್ತಿದ. ಮೇಲಿನ ಹಾಳೆಗೆ, ಡಕ್ಟ್‌ಗೆಂದೇ ಪರೀಕ್ಷಿಸಿದ್ದು ಎನ್ನುವ ‘ಯುಎಲ್ 181’ ಗುರುತು ಅಚ್ಚಾದ ಬೆಳ್ಳಿ ಟೇಪ್ ಸುತ್ತಿದ.

ಇಡೀ ಅಟ್ಟದ ಡಕ್ಟ್ ಬದಲಾಯಿಸೋಣವೇ ಎಂದು ಯಜಮಾನರು ಕೇಳಿದರು. ಒಮ್ಮೆ ಖರ್ಚಿನ ಮೂಡು ಬಂದರೆ ಅವರು ಹಾಗೇ. ಹುಡುಗ ಒಳ್ಳೆಯವನು, ಬೇಡ ಅಂದ. ಎಲ್ಲ ಜಾಲರಿಗಳಿಗೂ ಪ್ಲಾಸ್ಟಿಕ್ ಅಂಟಿಸಿ, ಫ್ಯಾನ್‌ನಿಂದ 25 ಪ್ಯಾಸ್ಕಲ್ ಒತ್ತಡ ಕೊಟ್ಟು ಸೋರಿಕೆ ಅಳೆದ. ಕಳಚಿದ್ದನ್ನು ಜೋಡಿಸಬಹುದು, ಸಂದಿ ಇದ್ದರೆ ಮೆತ್ತಬಹುದು. ಒಳಗಿನ ಪ್ಲಾಸ್ಟಿಕ್ ಹರಿದಿದ್ದರೆ, ಹೊದಿಕೆ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ, ಅಳಿಲು ಒಳಗೆ ಸಂಸಾರ ಹೂಡಿದ್ದರೆ ಮಾತ್ರ ಕಿತ್ತು ಹೊಸದು ಹಾಕಬೇಕು. ನಮ್ಮಲ್ಲಿ ಹಾಗೆ ಬದಲಾಯಿಸಿದ್ದು ಒಂದನ್ನು ಮಾತ್ರ. ಯಾರೋ ತುಳಿದು ಚಪ್ಪಟೆಯಾಗಿ, ತಂತಿ ಪ್ಲಾಸ್ಟಿಕ್ಕನ್ನು ಸೀಳಿತ್ತು. ಮತ್ತೆ ಕೆಮ್ಮಿದೆ.

ಗೊಂಬೆಗಳನ್ನು ಬಟ್ಟೆ ಕಪಾಟಿಗೆ ವರ್ಗ ಮಾಡಿದೆವು. ಏಸಿ ಇಲ್ಲದ ಅಟ್ಟದಲ್ಲಿ ಅವು ಬಿರುಕು ಬಿಟ್ಟಾವು.

ಅಂದು ರಾತ್ರಿ ಬಳ್ಳಾರಿಗೆ ಭರ್ಜರಿ ಗಾಳಿ ಬಂತು. ಯಜಮಾನರು ತಾಯಿಯನ್ನು ಕರೆದು, ‘ನೋಡಮ್ಮಾ, ಹೇಗಿದೆ?’ ಎಂದು ಎದೆ ಉಬ್ಬಿಸಿ ನಿಂತರು. ಅತ್ತೆ ಶಾಲು ಹೊದ್ದುಕೊಂಡರು. ಬೆಳಿಗ್ಗೆ ಕಾಫಿ ಕೊಡಲು ಹೋದರೆ, ಜಾಲರಿಯ ಮೇಲೆ ರಟ್ಟಿನ ತುಂಡೊಂದು ಒಪ್ಪವಾಗಿ ಕೂತಿದೆ, ನಾಲ್ಕೂ ಅಂಚಿಗೆ ಹುಡುಗ ಬಿಟ್ಟು ಹೋದ ಬೆಳ್ಳಿ ಟೇಪ್. ಕುರ್ಚಿ ಇನ್ನೂ ಕೆಳಗೇ ಇತ್ತು. ಹೀಗೆ ಮುಚ್ಚಿದರೆ ಒತ್ತಡ ಹೆಚ್ಚಿ ಬೇರೆ ಕೀಲುಗಳಿಗೆ ಪೆಟ್ಟು ಎಂದು ಮಗ ಬೋರ್ಡ್ ಬರೆದು ವಿವರಿಸಿದ್ದೆಲ್ಲ ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

ಕೊನೆಗೆ ಕೇಳಿದ್ದು ಒಂದೇ ಮಾತು: ‘ಅದೆಲ್ಲ ಇರ್ಲಿ ಕಣೋ, ಟೇಪ್ ಸರಿಯಾದದ್ದೇ ತಾನೇ?’