ಅಣು ರಾಕೆಟ್: ಉರಿಸುವ ಮುಂಚೆ ಬರೀ ಗ್ಯಾಸ್ ಬಿಟ್ಟು ನೋಡುವ ಖರ್ಚು ಬೇಕಾ?

ಪರ: ಬೇಕೇ ಬೇಕು

ನಮ್ಮ ಬದಿಯಡ್ಕ ಕಡೆ ಅಡಿಕೆಗೆ ಮದ್ದು ಬಿಡುವ ಮೊದಲು ಪಂಪಿಗೆ ಬರೀ ನೀರು ಹಾಕಿ ನೋಡ್ತೇವೆ, ಪೈಪು ಎಲ್ಲಿ ಸೋರ್ತದೆ, ನೋಜಲು ಎಲ್ಲಿ ಕಟ್ಟಿದೆ ಅಂತ, ಮೈಲುತುತ್ತು ಕಲಸಿದ ಮೇಲೆ ಗೊತ್ತಾದ್ರೆ ಮೈಯೆಲ್ಲ ನೀಲಿ. ಕೋಲ್ಡ್ ಫ್ಲೋ ಟೆಸ್ಟ್, ಅಂದ್ರೆ ರಿಯಾಕ್ಟರ್ ಉರಿಸದೆ ಬರೀ ಗ್ಯಾಸ್ ಬಿಟ್ಟು ನೋಡುದು, ಅದೂ ಅಷ್ಟೇ ಮಾರಾಯ್ರೆ. ಅಣು ರಾಕೆಟ್ಟಿನಲ್ಲಿ ರಿಯಾಕ್ಟರಿನ (ಯುರೇನಿಯಂ ಅಣು ಒಡೆದು ಬಿಸಿ ಮಾಡುವ ಒಲೆ) ಸಣ್ಣ ಸಣ್ಣ ತೂತುಗಳಲ್ಲಿ ಹೈಡ್ರೋಜನ್ ಹಾಯಿಸಿ, ಕಾಯಿಸಿ, ಹಿಂದಿನಿಂದ ಬಿಡುದು, ಈಗಿನ ರಾಕೆಟ್ಟಿಗೆ ಹೋಲಿಸಿದ್ರೆ ಅಷ್ಟೇ ಇಂಧನದಲ್ಲಿ ಹತ್ರ ಹತ್ರ ಎರಡು ಪಟ್ಟು ದೂಡ್ತದೆ.

1962 ನವೆಂಬರ್ 30ಕ್ಕೆ ಅಮೆರಿಕದ ನೆವಾಡಾದ ಮರುಭೂಮಿಯಲ್ಲಿ ಕಿವಿ-ಬಿ4ಎ ಅನ್ನುವ ಅಣು ರಾಕೆಟ್ಟಿನ ರಿಯಾಕ್ಟರ್ ಉರಿಸಿದ್ರು. ಪವರ್ ಏರಿಸ್ತಾ ಹೋದ ಹಾಗೆ ನೋಜಲಿನಿಂದ ಫಳ್ ಫಳ್ ಅಂತ ಬೆಳಕು. ಎಂತ ಅಂತ ನೋಡಿದ್ರೆ ಒಳಗಿನ ಯುರೇನಿಯಂ ಸೇರಿಸಿದ ಗ್ರಾಫೈಟ್ ಕಡ್ಡಿಗಳೇ ಮುರಿದು ಹೊರಗೆ ಹಾರ್ತಿದ್ದವು! ಬಿಸಿ ಜಾಸ್ತಿ ಆಯ್ತಾ, ಯುರೇನಿಯಂ ಮಾಡಿದ ಕೆಲಸವಾ? ಆಮೇಲೆ ಯುರೇನಿಯಂ ಇಲ್ಲದ ಕಡ್ಡಿ ಕೂರಿಸಿ ನೈಟ್ರೋಜನ್, ಹೀಲಿಯಂ, ಹೈಡ್ರೋಜನ್ ಬಿಟ್ಟು ನೋಡಿದ್ರು, ಆಗಲೂ ಅದೇ ಗಡಗಡ. ಗ್ಯಾಸು ಕಡ್ಡಿಗಳ ಸಂದಿಗೆ ನುಗ್ಗಿ ಅಲ್ಲಾಡಿಸ್ತಿತ್ತು. ಬದಿಯಿಂದ ಬಿಗಿ ಮಾಡಿದ್ರು, 1964 ಆಗಸ್ಟಿನಲ್ಲಿ ಕಿವಿ-ಬಿ4ಇ ಎಂಟು ನಿಮಿಷ ಹೆಚ್ಚುಕಮ್ಮಿ ಪೂರ್ತಿ ಪವರಿನಲ್ಲಿ ಓಡಿತು. ಉರಿಸಿದ ರಿಯಾಕ್ಟರ್ ವಿಕಿರಣ ಸೂಸ್ತದೆ, ಅದರ ಹತ್ರ ಹೋಗಿ ಬೋಲ್ಟು ಬಿಚ್ಚಲಿಕ್ಕೆ ಆಗ್ತದಾ? ಬರೀ ಗ್ಯಾಸ್ ಬಿಟ್ಟದ್ದಾದ್ರೆ ಬಿಚ್ಚಬಹುದು.

ವಿರೋಧ: ಇದನ್ನೂ ಬರೀಲಿಕ್ಕೆ ಹೇಳಿದ್ದಾರೆ, ಬರೀತೇನೆ

ಅಲುಗಾಟ ಹಿಡಿದ್ರಂತೆ, ಆಯ್ತು, ಆಮೇಲೆ ಮಂಗಳ ಗ್ರಹಕ್ಕೆ ಹೋದ್ರಾ? 1973ರಲ್ಲಿ ಆ ಯೋಜನೆಗೇ ಬಾಗಿಲು ಹಾಕಿದ್ರು. ಡ್ರಾಕೋ ಅಂತ ಇನ್ನೊಂದು ಅಣು ರಾಕೆಟ್ಟಿಗೆ 2023ರಲ್ಲಿ ನಾಸಾ ಪುನಃ ಹೊರಟದ್ದು 2025ಕ್ಕೆ ನಿಂತಿತು. ಆ ಹಳೇ ರಿಯಾಕ್ಟರಿನ ಹೆಸರೇ ಕಿವಿ, ನಮ್ಮ ಕಿವಿ ಅಲ್ಲ, ಹಾರಲಿಕ್ಕೆ ಬಾರದ ಹಕ್ಕಿ. ಮತ್ತೆ ಬಿಸಿ ಹೈಡ್ರೋಜನ್ ಗ್ರಾಫೈಟನ್ನು ತಿಂತದೆ, ತಣ್ಣಗಿನ ಟೆಸ್ಟಿನಲ್ಲಿ ಅದು ಕಾಣುದುಂಟಾ?

ತಣ್ಣಗಿನ ಟೆಸ್ಟ್ ಅಂತ ನನ್ನ ಹತ್ರ ಹೇಳ್ಬೇಡಿ. ಮೂರು ವರ್ಷ ಹಿಂದೆ ಮಳೆಗಾಲಕ್ಕೆ ಅಡಿಕೆ ಒಣಗಿಸ್ಲಿಕ್ಕೆ ತಗಡಿನ ಡ್ರೈಯರ್ ಮಾಡಿಸಿದೆ. ಮಾಡಿದವ ಒಲೆ ಹೊತ್ತಿಸದೆ ಬರೀ ಫ್ಯಾನ್ ಹಾಕಿ, ಜಾಯಿಂಟಿನ ಹತ್ರ ಊದುಬತ್ತಿ ಹಿಡಿದು ತೋರಿಸಿದ, ನೋಡಿ ಅಣ್ಣ, ಒಂದೆಳೆ ಹೊಗೆ ಒಳಗೆ ಹೋಗುದಿಲ್ಲ ಅಂತ. ಮರುದಿನ ಕಟ್ಟಿಗೆ ಹಾಕಿ ಒಂದು ಗಂಟೆ ಆಗುವಾಗ ತಗಡು ಟಕ್ ಅಂತ ಉಬ್ಬಿ ಜಾಯಿಂಟು ಬಿಟ್ಟಿತು, ಎರಡು ಕ್ವಿಂಟಾಲ್ ಅಡಿಕೆ ಪೂರಾ ಹೊಗೆ. ಅಡಿಕೆ ಅಂಗಡಿಯವ ಒಂದನ್ನು ಕತ್ತರಿಸಿ ಮೂಗಿಗೆ ಹಿಡಿದು, ಏನೂ ಹೇಳದೆ ವಾಪಸ್ ಗೋಣಿಗೆ ಹಾಕಿದ. ನನ್ನ ಹೆಂಡತಿ ಇವತ್ತಿಗೂ ದೇವರಿಗೆ ಊದುಬತ್ತಿ ಹೊತ್ತಿಸುವಾಗ ಒಮ್ಮೆ ನನ್ನ ಮುಖ ನೋಡ್ತಾಳೆ.